ನಡುಗಂಬವಿಲ್ಲದ ಅಂಗಡಿ

1850ರ ದಶಕದಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದಾಗ ಮೆಲ್ಬರ್ನಿನಲ್ಲಿ ಇರಲು ಮನೆಗಳು ಸಾಲಲಿಲ್ಲ, ವ್ಯಾಪಾರಕ್ಕೆ ಮಳಿಗೆಗಳೂ ಸಾಲಲಿಲ್ಲ. ಮರ ಕೊಯ್ಯಬೇಕಾದವರು, ಇಟ್ಟಿಗೆ ಸುಡಬೇಕಾದವರು ಚಿನ್ನ ಅಗೆಯಲು ಹೊರಟುಹೋಗಿದ್ದರು. ಆಗ ಬ್ರಿಟನ್ನಿನ ಕಾರ್ಖಾನೆಗಳು ಮನೆ, ಗೋದಾಮು, ಅಂಗಡಿ, ಚರ್ಚುಗಳನ್ನೇ ಬಿಡಿಭಾಗಗಳಾಗಿ ಮಾಡಿ ಹಡಗಿಗೆ ಏರಿಸಿದವು. ಇದಕ್ಕೆ ದಾರಿ ಮಾಡಿಕೊಟ್ಟದ್ದು ಎರಡು ಪೇಟೆಂಟುಗಳು. ಲಂಡನ್ ಬಂದರುಕಟ್ಟೆಯ ಎಂಜಿನಿಯರ್ ಹೆನ್ರಿ ಪಾಮರ್ 1829ರಲ್ಲಿ ಅಲೆಅಲೆಯಾಗಿ ಮಡಿಸಿದ ಕಬ್ಬಿಣದ ತಗಡಿಗೆ ಹಕ್ಕು ಪಡೆದ. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಸತುವಿನ ಲೇಪನದಿಂದ ತುಕ್ಕು ತಡೆಯುವ ವಿಧಾನಕ್ಕೆ ಹಕ್ಕು ಪಡೆದ. ಮಡಿಕೆಯಿಂದ ತೆಳು ತಗಡಿಗೆ ಬಿಗುವು ಬಂತು, ಲೇಪನದಿಂದ ಆಯುಸ್ಸು ಬಂತು. ಹಾಗೆ ಬಂದಿಳಿದ ಕಬ್ಬಿಣದ ಮನೆಗಳಲ್ಲಿ ಕೆಲವನ್ನು ದಕ್ಷಿಣ ಮೆಲ್ಬರ್ನಿನಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಇಂದು ರಿಂಗ್ ರೋಡುಗಳ ಬದಿಯಲ್ಲಿ ಪೀಠೋಪಕರಣ, ಟೈಲ್ಸ್, ಕಾರು ಮಾರುವ ಎಷ್ಟೋ ಷೋರೂಮುಗಳು ನಿಂತಿರುವುದು ಈ ವಂಶದ ಕಟ್ಟಡಗಳಲ್ಲಿ. ಕಾರ್ಖಾನೆಯಲ್ಲೇ ಲೆಕ್ಕ ಹಾಕಿ, ಕತ್ತರಿಸಿ, ತೂತು ಕೊರೆದು, ಲಾರಿಯಲ್ಲಿ ತಂದು, ಸೈಟಿನಲ್ಲಿ ಬೋಲ್ಟು ಬಿಗಿದು ನಿಲ್ಲಿಸುವ ಇವನ್ನು ಗುತ್ತಿಗೆದಾರರು ಪಿಇಬಿ (ಪ್ರಿ-ಎಂಜಿನಿಯರ್ಡ್ ಬಿಲ್ಡಿಂಗ್) ಎನ್ನುತ್ತಾರೆ. ಅಗ್ಗ, ಬೇಗ, ವಿಶಾಲ ಎಂಬ ಮೂರು ಗುಣಗಳನ್ನು ಎಲ್ಲರೂ ಒಪ್ಪುತ್ತಾರೆ. ಅಂದದ ಮಾತು ಬಂದಾಗ ಮಾತ್ರ ಲೋಹದ ಕಟ್ಟಡವೆಂದರೆ ಬರೀ ಶೆಡ್ಡು, ಮುಂದೆ ಒಂದು ಪರದೆ ಕಟ್ಟದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಭಾವನೆ ಬಲವಾಗಿದೆ. ಚರಿತ್ರೆ ಬೇರೆಯೇ ಹೇಳುತ್ತದೆ. ಲೋಹದ ಅಂಗಡಿಗೆ ಚೆಲುವು ಮೊದಲೇ ಬಂದಿತ್ತು, ನಡುವೆ ಕಳೆದುಹೋಯಿತು.

ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಬ್ರೂಮ್ ಬೀದಿಗಳು ಕೂಡುವ ಮೂಲೆಯಲ್ಲಿ 1857ರಲ್ಲಿ ತೆರೆದ ಹಾವೌಟ್ ಮಳಿಗೆ ಇದಕ್ಕೆ ಸಾಕ್ಷಿ. ಪಿಂಗಾಣಿ, ಗಾಜಿನ ಸಾಮಾನು, ದೀಪಗೊಂಚಲು ಮಾರುತ್ತಿದ್ದ ಆ ಐದಂತಸ್ತಿನ ಅಂಗಡಿಯ ಎರಡೂ ಮುಖಗಳು ಡೇನಿಯಲ್ ಬ್ಯಾಜರ್ ಫೌಂಡ್ರಿಯ ಎರಕದ ಕಬ್ಬಿಣದವು. ಕಮಾನು, ಕಂಬ, ಕಿಟಕಿಗಳ ಒಂದೇ ನಮೂನೆಯನ್ನು ಮತ್ತೆ ಮತ್ತೆ ಎರಕ ಹೊಯ್ದು ಜೋಡಿಸಿದ್ದಾರೆ. ಕಲ್ಲಿನ ಗೋಡೆಯಾಗಿದ್ದರೆ ದಪ್ಪ ಕಂಬಗಳ ನಡುವೆ ಕಿಟಕಿ ಕಿರಿದಾಗುತ್ತಿತ್ತು. ಕಬ್ಬಿಣದ ಕಂಬ ಸಣ್ಣದಾದ್ದರಿಂದ ಗಾಜು ಅಗಲವಾಯಿತು, ಒಳಗಿನ ಸರಕಿಗೆ ಬೆಳಕು ಬಿತ್ತು. ಎಲಿಷಾ ಓಟಿಸ್ ಜನರನ್ನು ಹೊತ್ತೊಯ್ಯುವ ತನ್ನ ಲಿಫ್ಟನ್ನು ಅದೇ ವರ್ಷ ಅಲ್ಲೇ ಅಳವಡಿಸಿದ.

ಅದಕ್ಕೆ ಆರು ವರ್ಷ ಮೊದಲು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ, ಗಾಜಿನ ಕ್ರಿಸ್ಟಲ್ ಪ್ಯಾಲೇಸನ್ನು ನಿಲ್ಲಿಸಿದ್ದ. 24 ಅಡಿಯ ಅಳತೆಯನ್ನು ಘಟಕವಾಗಿಟ್ಟುಕೊಂಡು ಇಡೀ ಕಟ್ಟಡವನ್ನು ಪುನರಾವರ್ತನೆಯಿಂದ ಕಟ್ಟಿದ್ದ. ಕರ್ನಾಟಕದವರು ಈ ವಿಚಾರವನ್ನು ಕಣ್ಣಾರೆ ನೋಡಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1889ರಲ್ಲಿ, ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನ ಮನೆ ಅದೇ ಮಾದರಿಯದು. ಕಂಬ, ಕಮಾನು, ತಿರುವುಗಳೆಲ್ಲ ಬಯಲಾಗಿಯೇ ಇವೆ. ಫಲಪುಷ್ಪ ಪ್ರದರ್ಶನಕ್ಕೆ ಬರುವ ಲಕ್ಷಾಂತರ ಜನರಲ್ಲಿ ಅದನ್ನು ಶೆಡ್ಡು ಎಂದವರು ಯಾರೂ ಇಲ್ಲ.

ಯುದ್ಧಗಳು ಬಂದ ಮೇಲೆ ವೇಗವೇ ದೊಡ್ಡದಾಯಿತು. ಮೊದಲ ಮಹಾಯುದ್ಧದಲ್ಲಿ ನಿಸೆನ್ ಹಟ್, ಎರಡನೆಯದರಲ್ಲಿ ಅಮೆರಿಕದ ನೌಕಾಪಡೆಯ ಕ್ವಾನ್ಸೆಟ್ ಹಟ್, ಎರಡೂ ಅರ್ಧ ಕೊಳವೆಯಾಕಾರದ ತಗಡಿನ ಮನೆಗಳು. 1941ರಿಂದ ತಯಾರಾದ ಕ್ವಾನ್ಸೆಟ್‌ಗಳ ಸಂಖ್ಯೆ ಲಕ್ಷ ದಾಟಿತು. ಯುದ್ಧ ಮುಗಿದು ಉಳಿದವು ಮಾರಾಟಕ್ಕೆ ಬಂದಾಗ ಎಷ್ಟೋ ಜನ ಕೊಂಡು ದಿನಸಿ ಅಂಗಡಿ, ಹೋಟೆಲು ಇಟ್ಟರು. ಆದರೆ ಅಂಗಡಿಗೆ ಆ ಆಕಾರ ಒಗ್ಗುವಂಥದ್ದಲ್ಲ. ಗೋಡೆಯೇ ಬಾಗಿ ಸೂರಾಗುವುದರಿಂದ ಅದಕ್ಕೆ ಆನಿಸಿ ಎತ್ತರದ ಕಪಾಟು ಇಡಲಾಗದು. ಕಪಾಟನ್ನು ಒಳಕ್ಕೆ ಸರಿಸಿದರೆ ಹಿಂದಿನ ಜಾಗ ದಂಡ.

ಗೋಡೆ ನೆಟ್ಟಗಾದದ್ದು, ನಡುಗಂಬ ಮಾಯವಾದದ್ದು, ಕಂಬವನ್ನೂ ಸೂರಿನ ತೊಲೆಯಾದ ರಾಫ್ಟರನ್ನೂ ಬಿಗಿಯಾಗಿ ಕೂಡಿಸಿದ ಬಿಗಿಚೌಕಟ್ಟಿನಿಂದ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1901ರಲ್ಲಿ ಶುರುವಾದ ಬಟ್ಲರ್ ಕಂಪನಿಯೂ ಅದರ ಪ್ರತಿಸ್ಪರ್ಧಿಗಳೂ ನಲವತ್ತರ ದಶಕದಿಂದಾಚೆಗೆ ಇದನ್ನು ಮನೆಮಾತು ಮಾಡಿದರು. ಇದರ ಕಂಬವನ್ನು ಹತ್ತಿರ ನಿಂತು ನೋಡಬೇಕು. ಬುಡದಲ್ಲಿ, ಆಂಕರ್ ಬೋಲ್ಟಿನ ಬಳಿ, ಗೇಣಗಲ. ಮೇಲೇರುತ್ತ ಹೋದಂತೆ ಅಗಲವಾಗಿ ರಾಫ್ಟರನ್ನು ಕೂಡುವ ಭುಜದಲ್ಲಿ ಮೊಳಕ್ಕೂ ಹೆಚ್ಚು. ರಾಫ್ಟರು ಆ ಭುಜದಿಂದ ಹೊರಟು ಮತ್ತೆ ಸಣ್ಣಗಾಗುತ್ತದೆ. ಚೌಕಟ್ಟು ಬಾಗಲು ಹವಣಿಸುವ ಬಲ ಭುಜದಲ್ಲಿ ಅತಿ ಹೆಚ್ಚು, ಬುಡದಲ್ಲಿ ಸೊನ್ನೆಗೆ ಹತ್ತಿರ. ಬಲ ಎಲ್ಲಿದೆಯೋ ಅಲ್ಲಿಗೆ ಉಕ್ಕು, ಇಲ್ಲದ ಕಡೆ ಉಳಿತಾಯ. ಪ್ಲೇಟುಗಳನ್ನು ಓರೆಯಾಗಿ ಕತ್ತರಿಸಿ ಬೆಸುಗೆ ಹಾಕಿ ಈ ಆಕಾರ ತರುತ್ತಾರೆ. ಇಡೀ ಕಟ್ಟಡದಲ್ಲಿ ಇದಕ್ಕಿಂತ ಸೊಗಸಾದ ಭಾಗ ಇನ್ನೊಂದಿಲ್ಲ. ಬಹುತೇಕ ಷೋರೂಮುಗಳಲ್ಲಿ ಇದನ್ನೇ ಜಿಪ್ಸಂ ಹಲಗೆಯ ಹಿಂದೆ ಅಡಗಿಸುತ್ತಾರೆ.

ಜಾಗದ ಲಾಭವನ್ನು ಲೆಕ್ಕದಲ್ಲೇ ನೋಡಬಹುದು. 24 ಮೀಟರ್ ಅಗಲ, 42 ಮೀಟರ್ ಉದ್ದದ ಅಂಗಡಿಯೆಂದರೆ ಸುಮಾರು 10,800 ಚದರಡಿ. ಆರಾರು ಮೀಟರಿಗೆ ಕಾಂಕ್ರೀಟ್ ಕಂಬ ನಿಲ್ಲಿಸಿದರೆ ಒಳಾಂಗಣದಲ್ಲೇ 18 ಕಂಬಗಳು ಬರುತ್ತವೆ. ಬಿಗಿಚೌಕಟ್ಟಿನಲ್ಲಿ ಒಂದೂ ಇಲ್ಲ. ಕಂಬವೊಂದು ತಿನ್ನುವುದು ತನ್ನ ಕಾಲಡಿಯ ಜಾಗವನ್ನಷ್ಟೇ ಅಲ್ಲ, ರ್‍ಯಾಕುಗಳ ಸಾಲು ಅಲ್ಲಿ ಮುರಿಯುತ್ತದೆ, ಟ್ರಾಲಿ ಸುತ್ತಿಕೊಂಡು ಹೋಗಬೇಕಾಗುತ್ತದೆ, ಕ್ಯಾಷ್ ಕೌಂಟರಿನಿಂದ ಕಣ್ಣು ಹಾಯಿಸಿದರೆ ಹಿಂದಿನ ಮೂಲೆ ಕಾಣುವುದಿಲ್ಲ. ಹಬ್ಬದ ಸೀಸನ್ನಿಗೆ ಅಂಗಡಿಯ ವಿನ್ಯಾಸ ಬದಲಿಸಬೇಕಾದಾಗಲೂ ಕಂಬ ಹೇಳಿದಂತೆಯೇ ಕೇಳಬೇಕು.

ಇಷ್ಟಾದರೂ ಸೂರು ಸೋರುತ್ತಿತ್ತು. ಶೀಟಿಗೆ ತೂತು ಹೊಡೆದು ಸ್ಕ್ರೂ ಹಾಕಿದಲ್ಲೆಲ್ಲ ನೀರಿಗೆ ದಾರಿ. 30 ಮೀಟರ್ ಉದ್ದದ ಉಕ್ಕಿನ ಶೀಟು 40 ಡಿಗ್ರಿ ಬಿಸಿ ಏರಿದರೆ ಸುಮಾರು 14 ಮಿಲಿಮೀಟರ್ ಹಿಗ್ಗುತ್ತದೆ. ದಿನವೂ ಹಿಗ್ಗಿ ಕುಗ್ಗಿ ಸ್ಕ್ರೂವಿನ ತೂತು ಸಡಿಲವಾಗುತ್ತದೆ. 1969ರಲ್ಲಿ ಬಟ್ಲರ್ ಕಂಪನಿ ತಂದ ಎಂಆರ್-24 ಸೂರಿನಲ್ಲಿ ಪಕ್ಕಪಕ್ಕದ ಶೀಟುಗಳ ಅಂಚನ್ನು ಮೇಲಕ್ಕೆತ್ತಿ ಯಂತ್ರದಿಂದ ಒಟ್ಟಿಗೆ ಸುರುಳಿ ಮಡಿಸಿದರು. ಕೆಳಗಿನ ಕ್ಲಿಪ್ಪು ಶೀಟನ್ನು ಹಿಡಿದಿರುತ್ತದೆ, ಹಿಗ್ಗಲು ಬಿಡುತ್ತದೆ. ಮೂರು ವರ್ಷಗಳ ಬಳಿಕ ಬೆತ್ಲಹೆಮ್ ಸ್ಟೀಲ್ ಶೇ. 55ರಷ್ಟು ಅಲ್ಯೂಮಿನಿಯಂ ಬೆರೆತ ಸತುವಿನ ಲೇಪನವನ್ನು ಮಾರುಕಟ್ಟೆಗೆ ಬಿಟ್ಟಿತು. ಗ್ಯಾಲ್ವಾಲ್ಯೂಮ್ ಎಂದು ಎಲ್ಲ ಶೀಟಿನಂಗಡಿಯವರೂ ಹೇಳುವುದು ಅದನ್ನೇ.

ಚೆಲುವು ಕಳೆದುಹೋದದ್ದು ಈ ಅವಧಿಯಲ್ಲೇ. 1962ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಕೆಮಾರ್ಟ್, ಟಾರ್ಗೆಟ್, ವಾಲ್‌ಮಾರ್ಟ್ ಮೂರೂ ಮೊದಲ ಮಳಿಗೆ ತೆರೆದವು. ಅಂಥ ಮಳಿಗೆಗಳಲ್ಲಿ ಅನೇಕಕ್ಕೆ ಗೋಡೆ ಕಾಂಕ್ರೀಟಿನದು, ಸೂರು ಮಾತ್ರ ಉಕ್ಕಿನದು. ಆದರೆ ಕಿಟಕಿಯಿಲ್ಲದ ದೊಡ್ಡ ಪೆಟ್ಟಿಗೆ, ಮುಂದೆ ವಾಹನ ನಿಲುಗಡೆ ಎಂಬ ಮಾದರಿ ಅಲ್ಲಿಂದ ಹಬ್ಬಿತು. ವಾಸ್ತುಶಿಲ್ಪಿಗಳಾದ ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್, ಸ್ಟೀವನ್ ಐಜನೂರ್ 1972ರ ತಮ್ಮ ಲಾಸ್ ವೇಗಸ್ ಕುರಿತ ಪುಸ್ತಕದಲ್ಲಿ ಇದನ್ನು ಅಲಂಕೃತ ಶೆಡ್ ಎಂದು ಕರೆದು ಸಮರ್ಥಿಸಿದರು. ಪೆಟ್ಟಿಗೆ ಸಾದಾ ಇರಲಿ, ಮುಖ ಮಾತಾಡಲಿ ಎಂಬುದು ಅವರ ವಾದ. ಎಪ್ಪತ್ತರ ದಶಕದಲ್ಲಿ ಬೆಸ್ಟ್ ಪ್ರಾಡಕ್ಟ್ಸ್ ಕಂಪನಿ ಇದನ್ನು ಪರೀಕ್ಷೆಗೇ ಒಡ್ಡಿತು. ಜೇಮ್ಸ್ ವೈನ್ಸ್ ಅವರ ‘ಸೈಟ್’ ಎಂಬ ವಿನ್ಯಾಸ ತಂಡ ಹ್ಯೂಸ್ಟನ್ನಿನಲ್ಲಿ ಕುಸಿದಂತೆ ಕಾಣುವ ಇಟ್ಟಿಗೆಯ ಮುಖ ಕಟ್ಟಿತು. ವೆಂಚುರಿಯವರು ಪೆನ್ಸಿಲ್ವೇನಿಯಾದ ಲ್ಯಾಂಗ್‌ಹಾರ್ನ್ ಷೋರೂಮಿಗೆ ದೈತ್ಯ ಹೂಗಳ ಎನಾಮೆಲ್ ಉಕ್ಕಿನ ಫಲಕ ಹೊದಿಸಿದರು. ಧೈರ್ಯದ ಕೆಲಸಗಳು ನಿಜ. ಆದರೂ ಚೆಲುವೆಲ್ಲ ಹೊರಮುಖದ್ದು. ಒಳಗಿನ ಚೌಕಟ್ಟಿಗೆ ಅದರಲ್ಲಿ ಪಾಲಿಲ್ಲ.

ಪಾಲು ಕೊಟ್ಟವರು ವಾಸ್ತುಶಿಲ್ಪಿ ನಿಕೋಲಸ್ ಗ್ರಿಮ್‌ಷಾ. ಲಂಡನ್ನಿನ ಕ್ಯಾಮ್‌ಡೆನ್ ಟೌನಿನಲ್ಲಿ 1988ರಲ್ಲಿ ಮುಗಿದ ಸೇನ್ಸ್‌ಬರಿ ಸೂಪರ್‌ಮಾರ್ಕೆಟ್ ಕ್ಯಾಟಲಾಗಿನ ಕಟ್ಟಡವಲ್ಲ, ಅಲ್ಲಿಗೆಂದೇ ವಿನ್ಯಾಸಗೊಂಡದ್ದು. ಆದರೂ ಪಿಇಬಿ ಕಟ್ಟುವವರೆಲ್ಲ ಕಲಿಯಬೇಕಾದ ಪಾಠ ಅಲ್ಲಿದೆ. ಮಾರಾಟದ ಅಂಗಳದಲ್ಲಿ ಕಂಬವಿಲ್ಲ, ಸೂರು ಕಮಾನಾಗಿ ಹಾಯುತ್ತದೆ, ಅದನ್ನು ಕೆಳಕ್ಕೆ ಎಳೆದು ಹಿಡಿಯುವ ಉಕ್ಕಿನ ಸರಳುಗಳು ಬೀದಿಗೆ ಎದುರಾಗಿ ನಿಂತಿವೆ. ಚೌಕಟ್ಟೇ ಮುಖ. 2019ರಲ್ಲಿ ಅದು ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು.

ಭಾರತದಲ್ಲಿ ಪಿಇಬಿ ಬೇರೂರಿದ್ದು ಕಾರ್ಖಾನೆ ಮತ್ತು ಗೋದಾಮುಗಳ ಮೂಲಕ. 1983ರಲ್ಲಿ ಆರಂಭವಾದ ಇಂಟರಾರ್ಚ್, ಹೈದರಾಬಾದಿನ ಬಳಿ ನೆಲೆಯೂರಿದ ಕಿರ್ಬಿ, 2005ರ ಟಾಟಾ ಬ್ಲೂಸ್ಕೋಪ್ ಸಹಯೋಗ ಈ ಹಾದಿಯ ಮೈಲಿಗಲ್ಲುಗಳು. ಅಂಗಡಿಗಳು ಪಿಇಬಿಗೆ ಬಂದದ್ದಕ್ಕೆ ಇನ್ನೊಂದು ಕಾರಣ ಜಮೀನು. ಊರಂಚಿನ ನಿವೇಶನ ಹತ್ತು, ಹದಿನೈದು ವರ್ಷದ ಲೀಸಿಗೆ ಸಿಗುತ್ತದೆ. ಬೋಲ್ಟು ಬಿಚ್ಚಿ ಒಯ್ಯಬಹುದಾದ ಕಟ್ಟಡ ಬಾಡಿಗೆದಾರನಿಗೆ ಹೊಂದುತ್ತದೆ. ನೆಲ ದುಬಾರಿಯಾದಲ್ಲಿ ಡೆಕ್ ಶೀಟಿನ ಮೇಲೆ ಕಾಂಕ್ರೀಟ್ ಹಾಕಿ ಮೆಜನೈನ್ ಮಹಡಿ ಏರಿಸುತ್ತಾರೆ. ಎತ್ತರವಿರುವ ಚೌಕಟ್ಟಿನಲ್ಲಿ ಅದು ಸಲೀಸು, ಆದರೆ ಮೊದಲೇ ಹೇಳಿ ಲೆಕ್ಕಕ್ಕೆ ಸೇರಿಸಿರಬೇಕು.

ಇಲ್ಲಿನ ಅಂಗಡಿಗೆ ಮುಖಕ್ಕಿಂತ ಮೊದಲು ಸೂರಿನ ಮೇಲೆ ಹಣ ಹಾಕಬೇಕು. ಬರೀ ಶೀಟಿನಡಿ ಏಪ್ರಿಲ್ ಮಧ್ಯಾಹ್ನ ಗಿರಾಕಿ ಹತ್ತು ನಿಮಿಷ ನಿಲ್ಲುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಮಾತೇ ಕೇಳಿಸುವುದಿಲ್ಲ. ಗ್ಲಾಸ್‌ವೂಲ್ ಅಥವಾ ನಡುವೆ ಉಷ್ಣನಿರೋಧಕ ತುಂಬಿದ ಪ್ಯಾನೆಲ್ ಹಾಕಿ, ಮೇಲೆ ತಿಳಿಬಣ್ಣ ಕೊಟ್ಟರೆ ಎರಡೂ ತೊಂದರೆ ತಗ್ಗುತ್ತವೆ. ಪ್ಯಾನೆಲ್ಲಿನ ಒಳಗೇನಿದೆ ಎಂಬುದು ಬೆಂಕಿಯ ವಿಷಯದಲ್ಲಿ ಮುಖ್ಯ. ಫೋಮು ಉರಿಯುತ್ತದೆ, ರಾಕ್‌ವೂಲ್ ಉರಿಯುವುದಿಲ್ಲ. 600 ಡಿಗ್ರಿ ಸುಮಾರಿಗೆ ಉಕ್ಕಿನ ಶಕ್ತಿ ಅರ್ಧಕ್ಕೆ ಇಳಿಯುವುದರಿಂದ, ಕಂಬಗಳಿಗೆ ಬಿಸಿಗೆ ಉಬ್ಬಿ ಕವಚವಾಗುವ ಬಣ್ಣ ಬಳಿಯುತ್ತಾರೆ. ಚೌಕಟ್ಟನ್ನು ಬಯಲಾಗಿ ತೋರಿಸುತ್ತಲೇ ಅದಕ್ಕೆ ಬೆಂಕಿಯಿಂದ ರಕ್ಷಣೆ ಕೊಡುವ ದಾರಿಯಿದು.

ಗಾಳಿಯ ಲೆಕ್ಕ ಇನ್ನೂ ಸೂಕ್ಷ್ಮ. ಚದರ ಮೀಟರಿಗೆ ಸುಮಾರು ಐದು ಕಿಲೋ ತೂಗುವ ಶೀಟನ್ನು ಗಾಳಿ ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಕೀಳುವುದೇ ಹೆಚ್ಚಿನ ಅಪಾಯ. ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗ. ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಮಂಗಳೂರಿನ ಬಲ ಸುಮಾರು ಶೇ. 40ರಷ್ಟು ಹೆಚ್ಚು. ಬೆಂಗಳೂರಿನಲ್ಲಿ ಬಿಚ್ಚಿದ ಷೋರೂಮನ್ನು ಅಗ್ಗಕ್ಕೆ ಕೊಂಡು ಕರಾವಳಿಯಲ್ಲಿ ನಿಲ್ಲಿಸುವವರು ಹಳೆಯ ಡ್ರಾಯಿಂಗ್ ಕೇಳಿ ಪಡೆದು, ಶೀಟನ್ನು ಹೊರುವ ಅಡ್ಡಪಟ್ಟಿಗಳಾದ ಪರ್ಲಿನ್ನುಗಳ ಅಂತರ, ಬ್ರೇಸಿಂಗ್, ಆಂಕರ್ ಬೋಲ್ಟುಗಳನ್ನು ಹೊಸದಾಗಿ ಲೆಕ್ಕ ಹಾಕಿಸಬೇಕು. ಉಪ್ಪುಗಾಳಿಗೆ ತಾಳುವ ಲೇಪನದ ಶೀಟನ್ನು ಬೇರೆಯೇ ತರಿಸಬೇಕು.