ಆಟ ಕಟ್ಟುವವರ ಕೂಟಗಳು: ಬೆಂಗಳೂರಿನಿಂದ ನಮ್ಮ ನಾಲ್ಕು ತಾಲ್ಲೂಕುಗಳಿಗೆ

ಕರ್ನಾಟಕದಲ್ಲಿ ವಿಡಿಯೋ ಗೇಮ್ ತಯಾರಿಕೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ 1997ರಿಂದ ಆರಂಭಿಸುತ್ತಾರೆ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು, ಈ ದೇಶದ ಮೊದಲ ಗೇಮ್ ತಯಾರಿಕಾ ಸಂಸ್ಥೆಗಳ ಸಾಲಿನಲ್ಲಿ ಅಗ್ರಸ್ಥಾನವನ್ನು ಪಡೆದು, ಯಾವ ಕಾಲೇಜಿನಲ್ಲಿಯೂ ಅಂದು ದೊರೆಯದಿದ್ದ ಒಂದು ವಿದ್ಯೆಯನ್ನು ಚಿತ್ರಕಾರರಿಗೂ ಪ್ರೋಗ್ರಾಮರುಗಳಿಗೂ ಕೆಲಸದ ಮೇಜಿನ ಬಳಿಯಲ್ಲಿಯೇ ಕಲಿಸಿ, 'ಫೋರ್ಜಾ ಹೊರೈಜನ್'ನಂಥ ಜಗದ್ವಿಖ್ಯಾತ ಆಟಗಳ ಚಿತ್ರಕಾರ್ಯದಲ್ಲಿ ಭಾಗಿಯಾಗಿ, ಮೊದಲು ಸ್ವೀಡನ್ ದೇಶದ ಸ್ಟಾರ್‌ಬ್ರೀಜ್ ಸಂಸ್ಥೆಯ ವಶಕ್ಕೆ ಹೋಗಿ, ತರುವಾಯ 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯಲ್ಲಿ ಲೀನವಾಯಿತು. 2013ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಮೂನ್‌ಫ್ರಾಗ್ ಸಂಸ್ಥೆಯನ್ನು 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಕೊಂಡುಕೊಂಡಿತು. ಸಂಸ್ಥೆಗಳ ಚರಿತ್ರೆ ಹೀಗೆ ಒಡೆತನದ ಬದಲಾವಣೆಗಳ ಚರಿತ್ರೆಯಾಗಿರುವಾಗ, ಅಲ್ಲಿ ಬೆಳೆದ ವಿದ್ಯೆ ಯಾರ ಬಳಿ ಉಳಿಯಿತು, ಹೇಗೆ ಮುಂದಿನವರ ಕೈಸೇರಿತು ಎಂದು ಕೇಳಿಕೊಂಡರೆ ನಮಗೆ ದೊರೆಯುವ ಉತ್ತರ ಬೇರೆ. ಅದು ಕೂಟಗಳಲ್ಲಿ ಉಳಿಯಿತು. ರಜಾದಿನದ ಮಧ್ಯಾಹ್ನಗಳಲ್ಲಿ ಯಾವುದೋ ಕಚೇರಿಯ ಖಾಲಿ ಕೋಣೆಯಲ್ಲಿಯೋ, ಕಾಲೇಜಿನ ಪ್ರಯೋಗಾಲಯದಲ್ಲಿಯೋ ನೆರೆದು, ಅರ್ಧ ಮುಗಿದ ಆಟಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡ ಜನರಲ್ಲಿ ಉಳಿಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ವಾಚಕರ ಕೈಸೇರಲಿರುವ ಈ ಸಂಚಿಕೆಯಲ್ಲಿ ನಾನು ಹೇಳಬಯಸುವುದು ಈ ಕೂಟಗಳ ವಿಷಯವನ್ನು.

ಆಟವನ್ನು ರಚಿಸುವುದೂ, ರಚಿಸಿದ್ದನ್ನು ಕ್ರಮವಾಗಿ ದಾಖಲಿಸುವುದೂ ನಮ್ಮ ನಾಡಿಗೆ ನವೀನವಾದ ವ್ಯಾಪಾರವೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದ ಎಲೆಗಳಲ್ಲಿಯೂ ಮಣೆಯಾಟಗಳಲ್ಲಿಯೂ ಹೊಸ ಹೊಸ ನಿಯಮಗಳನ್ನು ಕಲ್ಪಿಸಿ, ಚದುರಂಗದ ಕುದುರೆ ಅರುವತ್ನಾಲ್ಕು ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ಸಮಸ್ಯೆಗೆ ಪರಿಹಾರಗಳನ್ನು ಹುಡುಕಿ, ತಮ್ಮ ಹೆಸರಿನ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಆಟಗಳಿಗೇ ಸ್ಥಾನ ಕಲ್ಪಿಸಿದರು. ಆ ಪರಂಪರೆಯ ಸ್ಮರಣೆಗಾಗಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನವನ್ನು ನಡೆಸುತ್ತ ಬಂದಿದೆ. ಅರಮನೆಯ ಮಾತು ಹಾಗಿರಲಿ. ಚೌಕಾಬಾರದ ಮನೆಗಳನ್ನು ಜಗಲಿಯ ಮೇಲೆ ಸೀಮೆಸುಣ್ಣದಿಂದ ಬರೆದ ಅಜ್ಜಿಯೂ, ಹುಲಿ-ಕುರಿ ಆಟದಲ್ಲಿ ಹುಲಿಗಳೆಷ್ಟು ಕುರಿಗಳೆಷ್ಟು ಇದ್ದರೆ ಪೈಪೋಟಿ ಸಮವಾದೀತೆಂದು ಆಡಿಯೇ ಕಂಡುಕೊಂಡ ದನಗಾಹಿಯೂ ಇಂದಿನ ಗೇಮ್ ಡಿಸೈನರ್ ಎದುರಿಸುವ ಪ್ರಶ್ನೆಯನ್ನೇ ಎದುರಿಸಿದ್ದರು.

ಕೂಟದ ಪದ್ಧತಿ ಮಾತ್ರ ಹೊರಗಿನಿಂದ ಬಂದದ್ದು, ಮತ್ತು ಅದರ ವೃತ್ತಾಂತ ತಿಳಿಯತಕ್ಕದ್ದು. 1994ರಲ್ಲಿ ಅರ್ನೆಸ್ಟ್ ಆಡಮ್ಸ್ ಎಂಬವರು ಅಮೆರಿಕದಲ್ಲಿ ಸ್ಥಾಪಿಸಿದ ಗೇಮ್ ತಯಾರಕರ ಸಂಘವೇ ಇಂದು ಐಜಿಡಿಎ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯಾಗಿದ್ದು, ಸ್ವಯಂಸೇವಕರೇ ನಡೆಸುವ ಊರೂರಿನ ಶಾಖೆಗಳ ಮೂಲಕ ಕೆಲಸ ಮಾಡುತ್ತದೆ. ಬೆಂಗಳೂರೂ ಅಂಥ ಶಾಖೆಯನ್ನು ಕಂಡ ನಗರ. 2002ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ಕ್ರಿಸ್ ಹೆಕರ್, ಶಾನ್ ಬ್ಯಾರೆಟ್ ಮೊದಲಾದ ಕೆಲವರು ಸೇರಿ, ಕೆಲವೇ ದಿನಗಳಲ್ಲಿ ಪ್ರಯೋಗಾತ್ಮಕ ಆಟಗಳನ್ನು ಕಟ್ಟುವ 'ಜ್ಯಾಮ್' ಎಂಬ ಪರಿಪಾಠವನ್ನು ಆರಂಭಿಸಿದರು. 2006ರಲ್ಲಿ ಡೆನ್ಮಾರ್ಕಿನಲ್ಲಿ ಮೊದಲಾದ ನಾರ್ಡಿಕ್ ಗೇಮ್ ಜ್ಯಾಮ್ ಅದನ್ನು ವಿದ್ಯಾರ್ಥಿಗಳ ಕೈಗೆ ತಂದಿತು. ಅದರ ಪ್ರೇರಣೆಯಿಂದ 2009ರ ಜನವರಿ 30ರಿಂದ ಫೆಬ್ರವರಿ 1ರವರೆಗೆ ಮೊದಲ ಗ್ಲೋಬಲ್ ಗೇಮ್ ಜ್ಯಾಮ್ 23 ದೇಶಗಳ 53 ಸ್ಥಳಗಳಲ್ಲಿ ಏಕಕಾಲಕ್ಕೆ ನಡೆಯಿತು. ಒಂದೇ ವಿಷಯವನ್ನು ಎಲ್ಲರಿಗೂ ಕೊಟ್ಟು, ಗುಂಪು ಗುಂಪಾಗಿ ಕುಳಿತು, 48 ಗಂಟೆಗಳೊಳಗೆ ಆಡಲು ಬರುವಂಥ ಒಂದು ಆಟವನ್ನು ಕಟ್ಟಿ, ಮೂಲ ಸಾಮಗ್ರಿಯೊಡನೆ ಎಲ್ಲರ ಮುಂದಿಡಬೇಕೆಂಬುದು ಅದರ ಕ್ರಮ. ಬೆಂಗಳೂರಿನಲ್ಲಿಯೂ ಈ ಜ್ಯಾಮ್ ನಡೆದು, ಒಬ್ಬರನ್ನೊಬ್ಬರು ಅರಿಯದ ಎಷ್ಟೋ ತರುಣರನ್ನು ಒಂದೇ ಮೇಜಿಗೆ ತಂದಿದೆ.

ಎರಡು ದಿನಗಳ ಜ್ಯಾಮಿಗಿಂತ ಕಷ್ಟಸಾಧ್ಯವಾದದ್ದು ತಿಂಗಳ ಸಭೆ. ಜ್ಯಾಮಿಗೆ ಉತ್ಸಾಹ ಸಾಕು. ತಿಂಗಳ ಸಭೆಗೆ ನಿಷ್ಠೆ ಬೇಕು. ದಿನ ಗೊತ್ತಾಗಿರಬೇಕು, ಉದಾಹರಣೆಗೆ ಪ್ರತಿ ತಿಂಗಳ ಎರಡನೆಯ ಭಾನುವಾರ, ಸ್ಥಳ ಗೊತ್ತಾಗಿರಬೇಕು, ಇಪ್ಪತ್ತು ಜನ ಬಂದರೂ ನಾಲ್ಕು ಜನ ಬಂದರೂ ಸಭೆ ನಡೆಯಲೇಬೇಕು. ಪರೀಕ್ಷೆಯ ಮಾಸಗಳಲ್ಲಿ ವಿದ್ಯಾರ್ಥಿಗಳು ಬರುವುದಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಚನ್ನಗಿರಿಯ ಕಡೆಯವರಿಗೆ ಬಿಡುವಿರುವುದಿಲ್ಲ. ಮದುವೆಯ ಹಂಗಾಮಿನಲ್ಲಿ ಯಾರೂ ಬರುವುದಿಲ್ಲ. ಆ ಬರಿದಾದ ತಿಂಗಳುಗಳಲ್ಲಿ ಬಾಗಿಲು ತೆರೆದು ದೀಪ ಹಾಕಿ ಕುಳಿತವರೇ ಕೂಟವನ್ನು ಉಳಿಸುವವರು. ವ್ಯವಸ್ಥಾಪಕನ ಕೆಲಸದಲ್ಲಿ ಕೀರ್ತಿಯಿಲ್ಲ: ಕೋಣೆಯ ಅನುಮತಿ ಪಡೆಯುವುದು, ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಹೊತ್ತು ತರುವುದು, ಪ್ರೊಜೆಕ್ಟರಿಗೆ ಸರಿಹೊಂದುವ ಕೇಬಲ್ ಹುಡುಕುವುದು, ಕರೆಂಟು ಹೋದರೆ ಬ್ಯಾಟರಿ ಉಳಿದ ಲ್ಯಾಪ್‌ಟಾಪಿನಲ್ಲಿ ಮಾತು ಮುಂದುವರಿಸುವುದು, ಚಹಾದ ಲೆಕ್ಕ ಬರೆದಿಡುವುದು. ಈ ಭಾರವನ್ನು ಒಬ್ಬನೇ ಹೊತ್ತ ಕೂಟ ಆತನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದ ದಿನವೇ ಮುಗಿಯುತ್ತದೆಯಾದುದರಿಂದ, ಮೊದಲ ವರ್ಷದಲ್ಲಿಯೇ ಇಬ್ಬರನ್ನಾದರೂ ಜೊತೆಗೆ ತಯಾರು ಮಾಡಬೇಕು; ನಮ್ಮ ತಾಲ್ಲೂಕುಗಳ ತರುಣರು ಬೆಂಗಳೂರಿಗೆ ಹೋಗುವವರೇ ಆದ ಕಾರಣ ಈ ಮಾತು ನಮಗೆ ಇಮ್ಮಡಿಯಾಗಿ ಅನ್ವಯಿಸುತ್ತದೆ.

ಸಭೆಯ ಹೃದಯವಿರುವುದು 'ಪ್ಲೇಟೆಸ್ಟ್' ಎಂಬ ಕ್ರಮದಲ್ಲಿ. ಆಟವನ್ನು ಕಟ್ಟಿದಾತ ಅದನ್ನು ಹಿಂದೆಂದೂ ನೋಡದವನ ಕೈಗೆ ಕೊಟ್ಟು, ಬಾಯಿ ಮುಚ್ಚಿ ಪಕ್ಕದಲ್ಲಿ ಕುಳಿತು ನೋಡಬೇಕು. ಆಡುವವನು ಬಾಗಿಲಿಲ್ಲದ ಗೋಡೆಗೆ ಹತ್ತು ಬಾರಿ ಹಾಯ್ದರೂ, ಎದುರಿಗೇ ಇರುವ ಗುಂಡಿಯನ್ನು ಒತ್ತದೆ ಕುಳಿತರೂ, "ಅಲ್ಲಲ್ಲ, ಅದನ್ನು ಒತ್ತು" ಎಂದು ಹೇಳಕೂಡದು. ಏಕೆಂದರೆ ಆಟ ಲೋಕಕ್ಕೆ ಹೋದಮೇಲೆ ಪ್ರತಿಯೊಬ್ಬ ಆಟಗಾರನ ಪಕ್ಕದಲ್ಲಿಯೂ ಕುಳಿತು ಹೇಳಿಕೊಡಲು ಕಟ್ಟಿದವನು ಇರುವುದಿಲ್ಲ. ಈ ಮೌನವೊಂದು ತಪಸ್ಸೇ ಸರಿ. ತಾನು ಸ್ಪಷ್ಟವೆಂದು ತಿಳಿದದ್ದು ಇನ್ನೊಬ್ಬನಿಗೆ ಕತ್ತಲೆಯಾಗಿರುವುದನ್ನು ಕಣ್ಣಾರೆ ಕಾಣುವ ಈ ಶಿಕ್ಷಣವನ್ನು ಒಂಟಿಯಾಗಿ ಮನೆಯಲ್ಲಿ ಕುಳಿತು ಎಷ್ಟು ಪಾಠದ ವಿಡಿಯೋಗಳನ್ನು ನೋಡಿದರೂ ಪಡೆಯಲಾಗದು, ಮತ್ತು ಇದಕ್ಕಾಗಿಯೇ ಕೂಟ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಪನ್ಯಾಸಗಳು ಬೇಕು, ಹಿರಿಯರ ಅನುಭವ ಕಥನಗಳೂ ಬೇಕು. ಆದರೆ ಉಪನ್ಯಾಸಗಳೇ ತುಂಬಿ ಪ್ಲೇಟೆಸ್ಟಿಗೆ ಹೊತ್ತಿಲ್ಲದ ಕೂಟ ಕ್ರಮೇಣ ಕೇಳುಗರ ಸಭೆಯಾಗಿ, ಕಟ್ಟುವವರು ಒಬ್ಬೊಬ್ಬರಾಗಿ ದೂರವಾಗುತ್ತಾರೆ. ಟೀಕೆ ಆಟದ ಮೇಲಿರಬೇಕು, ಆಟ ಕಟ್ಟಿದವರ ಮೇಲಲ್ಲ. ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬರುವಂತೆ ಹೊತ್ತನ್ನೂ ಸ್ಥಳವನ್ನೂ ಮಾತಿನ ಮರ್ಯಾದೆಯನ್ನೂ ಮೊದಲೇ ನಿಶ್ಚಯಿಸಿ ಎಲ್ಲರಿಗೂ ತಿಳಿಸಿರಬೇಕು.

ಕನ್ನಡದಲ್ಲಿ ಆಟ ಕಟ್ಟುವವರಿಗೆ ಇನ್ನೊಂದು ವಿಶಿಷ್ಟವಾದ ಕಷ್ಟವಿದ್ದು, ಅದನ್ನು ಬೇರೆ ದೇಶದ ಯಾವ ಕೂಟವೂ ನಮಗಾಗಿ ಬಿಡಿಸಿಕೊಡದು. ರೋಮನ್ ಲಿಪಿಯಂತೆ ಅಕ್ಷರದ ಪಕ್ಕದಲ್ಲಿ ಅಕ್ಷರವನ್ನಿಟ್ಟುಕೊಂಡು ಹೋಗುವ, ಆಟ ಕಟ್ಟಲು ಬಳಸುವ ತಂತ್ರಾಂಶಗಳಾದ ಎಂಜಿನ್‌ಗಳಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿಳಿಯದೆ, ಗುಣಿತದ ಚಿಹ್ನೆಗಳು ಮೂಲಾಕ್ಷರದೊಡನೆ ಬೆಸೆಯದೆ, ಪರದೆಯ ಮೇಲೆ ಛಿದ್ರವಾಗಿ ನಿಲ್ಲುತ್ತವೆ. ನಮ್ಮ ನಾಲ್ಕು ತಾಲ್ಲೂಕುಗಳ ಹೆಸರನ್ನೇ ಪರೀಕ್ಷೆಗೆ ತೆಗೆದುಕೊಳ್ಳಬಹುದು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರರಲ್ಲಿಯೂ ಒತ್ತಕ್ಷರವಿದೆ, ಜಗಳೂರಿನಲ್ಲಿ ಮಾತ್ರ ಇಲ್ಲ, ಅಂಥ ಎಂಜಿನ್ನಿನಲ್ಲಿ ಬರೆದರೆ ಮೊದಲ ಮೂರು ಊರುಗಳೂ ಕೆಡುತ್ತವೆ. ಬಹುಕಾಲ ತಯಾರಕರು ಕನ್ನಡದ ಮಾತುಗಳನ್ನೆಲ್ಲ ಚಿತ್ರಗಳಾಗಿ ಬರೆದು ಅಂಟಿಸಬೇಕಾಗಿತ್ತು. ಒಂದು ವಾಕ್ಯ ತಿದ್ದಬೇಕಾದರೆ ಚಿತ್ರವನ್ನೇ ಹೊಸದಾಗಿ ಬರೆಯಬೇಕು. ಅರ್ಜೆಂಟೀನದ ಹ್ವಾನ್ ಲಿನಿಯೆಟ್ಸ್ಕಿ ಮತ್ತು ಅರಿಯೆಲ್ ಮಂಜೂರ್ ಅವರು ನಿರ್ಮಿಸಿ, 2014ರಲ್ಲಿ ಮುಕ್ತ ತಂತ್ರಾಂಶವಾಗಿ ಲೋಕಕ್ಕೆ ಬಿಟ್ಟುಕೊಟ್ಟ ಗೊಡೊ ಎಂಜಿನ್, 2023ರ ಮಾರ್ಚಿನಲ್ಲಿ ಹೊರಬಂದ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಅಳವಡಿಸಿಕೊಂಡ ಮೇಲೆ ಕನ್ನಡ ಅಲ್ಲಿ ಸಹಜವಾಗಿ ಮೂಡುತ್ತದೆ. ಬಲೂ ತಮ್ಮದಂಥ ಅಂದವಾದ ಫಾಂಟುಗಳೂ ಉಚಿತವಾಗಿ ದೊರೆಯುತ್ತವೆ. ಕಂಪ್ಯೂಟರಿನಲ್ಲಿ ಕನ್ನಡವನ್ನು ನೆಲೆಗೊಳಿಸಿದ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸದಿಂದ ಹಿಡಿದು ಬರಹ, ನುಡಿ ತಂತ್ರಾಂಶಗಳವರೆಗಿನ ಪರಿಶ್ರಮದ ಮುಂದಿನ ಅಧ್ಯಾಯವನ್ನು ಗೇಮ್ ಕಟ್ಟುವ ಕನ್ನಡಿಗರು ಬರೆಯಬೇಕಾಗಿದೆ.

ಸಾಧನಗಳ ವಿಷಯದಲ್ಲಿ ಒಂದು ಎಚ್ಚರಿಕೆ ಇತ್ತೀಚಿನ ಚರಿತ್ರೆಯಿಂದಲೇ ಸಿಕ್ಕಿದೆ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಎಂಜಿನ್ನಿನ ಒಡೆಯರು, ಆಟವನ್ನು ಆಟಗಾರರು ಸ್ಥಾಪಿಸಿಕೊಂಡ ಸಂಖ್ಯೆಯ ಮೇಲೆ ತಯಾರಕರಿಂದ ಶುಲ್ಕ ಪಡೆಯುವುದಾಗಿ ಘೋಷಿಸಿದಾಗ ಜಗತ್ತಿನಾದ್ಯಂತ ಕ್ಷೋಭೆಯುಂಟಾಗಿ, ಮರುವರ್ಷ ಆ ಶುಲ್ಕವನ್ನು ಕೈಬಿಡಬೇಕಾಯಿತು. ವರ್ಷಗಟ್ಟಲೆ ಒಂದೇ ಸಾಧನವನ್ನು ಅಭ್ಯಸಿಸಿದವನು ಒಬ್ಬನೇ ಇದ್ದರೆ ದಿಕ್ಕುಗೆಡುತ್ತಾನೆ. ಕೂಟದಲ್ಲಿದ್ದರೆ ಬೇರೊಂದನ್ನು ಬಲ್ಲವನು ಪಕ್ಕದಲ್ಲಿಯೇ ಇರುತ್ತಾನೆ.

ಸರ್ಕಾರದ ಪಾತ್ರವನ್ನು ಸಂಕ್ಷೇಪವಾಗಿ ಹೇಳುವೆ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಗಳಿಗೆಂದೇ 2012ರಲ್ಲಿ ನೀತಿಯೊಂದನ್ನು ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ಅದರ ಮೂರನೆಯ ಆವೃತ್ತಿ 2024ರಿಂದ 2029ರವರೆಗಿನದು. ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿದ ಶಾಸನವು ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳಿಗೆ ಉತ್ತೇಜನ ಕೊಡುವುದಾಗಿ ಹೇಳಿದೆ. ಈ ಶಾಸನವನ್ನು ನಾನು ಸ್ವಾಗತಿಸುತ್ತೇನೆ. ಸಾಲ ಮಾಡಿ ಜೂಜಾಡಿ ಕೆಟ್ಟ ಮನೆಗಳ ಸುದ್ದಿಯನ್ನು ಕೇಳಿದ ತಂದೆತಾಯಿಗಳು 'ಗೇಮ್' ಎಂಬ ಮಾತಿಗೇ ಬೆದರುವುದು ಸಹಜವಾಗಿದ್ದು, ಕೂಟದವರು ಮನೆಮಂದಿಯನ್ನೇ ಒಂದು ದಿನ ಸಭೆಗೆ ಆಹ್ವಾನಿಸಿ, ಅಲ್ಲಿ ನಡೆಯುವುದು ಗಣಿತ, ಚಿತ್ರ, ಸಂಗೀತ, ಕಥನಗಳ ಅಭ್ಯಾಸವೆಂಬುದನ್ನು ತೋರಿಸಿಕೊಡಬೇಕು.

ತಾಲ್ಲೂಕಿನ ಊರಿನಲ್ಲಿ ಇಂಥ ಕೂಟ ಬಾಳೀತೆ ಎಂಬ ಸಂಶಯ ಸಾಧುವಾದದ್ದೇ. ಆದರೆ ಸಾಗರ ತಾಲ್ಲೂಕಿನ ಹೆಗ್ಗೋಡೆಂಬ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1973ರಲ್ಲಿ ಚಿತ್ರಸಮಾಜವನ್ನೂ ಆರಂಭಿಸಿ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಗ್ರಾಮಸ್ಥರಿಗೆ ತೋರಿಸಿತು. ಅದನ್ನು ಮುನ್ನಡೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ನಮ್ಮ ದಾವಣಗೆರೆಯೇ ಚಿಂದೋಡಿ ಮನೆತನದ ನಾಟಕ ಕಂಪನಿಯನ್ನು ಕಂಡ ಊರು. ಪರದೆ ಬರೆಯುವವನು, ಹಾರ್ಮೋನಿಯಂ ನುಡಿಸುವವನು, ಮಾತು ಬರೆಯುವವನು, ಬಣ್ಣ ಹಚ್ಚುವವನು, ದೀಪ ನೋಡುವವನು ಎಲ್ಲರೂ ಸೇರಿದಾಗಲೇ ಕಂಪನಿಯ ನಾಟಕವಾಗುತ್ತಿದ್ದಂತೆ ಆಟವೂ ಆಗುವುದು. ಜನಬಲಕ್ಕೂ ಕೊರತೆಯಿಲ್ಲ: ದಾವಣಗೆರೆಯಲ್ಲಿ ಯುಬಿಡಿಟಿ, ಬಾಪೂಜಿ ಮೊದಲಾದ ಎಂಜಿನಿಯರಿಂಗ್ ಕಾಲೇಜುಗಳಿವೆ, 1964ರಿಂದ ಚಿತ್ರಕಾರರನ್ನು ತಯಾರಿಸುತ್ತಿರುವ ದೃಶ್ಯಕಲಾ ಮಹಾವಿದ್ಯಾಲಯವಿದೆ. ಪ್ರೋಗ್ರಾಮ್ ಬಲ್ಲವರೂ ಚಿತ್ರ ಬಲ್ಲವರೂ ಒಂದೇ ಊರಿನಲ್ಲಿದ್ದು ಪರಸ್ಪರ ಅಪರಿಚಿತರಾಗಿರುವುದು ನಮ್ಮ ನಿಜವಾದ ದಾರಿದ್ರ್ಯ.

ವಸ್ತುವಿಗಂತೂ ನಾವು ಎಲ್ಲಿಯೂ ಹುಡುಕಬೇಕಾಗಿಲ್ಲ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ ನೀರನ್ನು ಮೇಲ್ಗಾಲುವೆ ಕೆಳಗಾಲುವೆಗಳಿಗೆ ಹಂಚುವುದೇ ಒಂದು ಆಟದ ವಸ್ತು; ಸಂತೇಬೆನ್ನೂರಿನ ಪುಷ್ಕರಿಣಿಯ ಸೋಪಾನಗಳೂ ನಡುವಿನ ಮಂಟಪವೂ ಯಾವ ಚಿತ್ರಕಾರನಿಗಾದರೂ ಸಾಕಾಗುವಷ್ಟು ಜ್ಯಾಮಿತಿಯನ್ನು ಕಲಿಸುತ್ತವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿವರ್ಷ ದೂರದೂರದಿಂದ ಬರುವ ಬಂಜಾರ ಸಮುದಾಯದ ಸಂಚಾರಕಥನ, ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದಾಗಿನ ದಿನಗಳು, ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಅವಿತು ಬಾಳುವ ಕೊಂಡುಕುರಿ, ಬರದ ಆ ತಾಲ್ಲೂಕಿಗೆ ನದಿಯ ನೀರು ತಂದು ಕೆರೆ ತುಂಬಿಸುವ ಸಾಹಸ, ಇವೆಲ್ಲ ಕಟ್ಟುವವರಿಗಾಗಿ ಕಾದಿವೆ.

ಸ್ಥಳದ ಪ್ರಶ್ನೆಗೂ ಉತ್ತರವಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಅನೇಕ ಕಡೆ ಕಂಪ್ಯೂಟರುಗಳನ್ನೂ ಹೊಂದಿವೆ. ಗೊಡೊ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿಯೂ ಅದರ ಸಂಪಾದಕ ದೊರೆಯುತ್ತದೆ. ಅದೂ ಇಲ್ಲದವರು ಕಾಗದದ ಮೇಲೆ ಮನೆಗಳನ್ನು ಬರೆದು, ಹುಣಸೆಬೀಜಗಳನ್ನಿಟ್ಟು ನಿಯಮಗಳನ್ನು ಪರೀಕ್ಷಿಸಬಹುದು, ದೊಡ್ಡ ಸಂಸ್ಥೆಗಳಲ್ಲಿಯೂ ಮೊದಲ ಪ್ರತಿ ಹಲವು ಬಾರಿ ಕಾಗದದ್ದೇ. ಹೊನ್ನಾಳಿ ನ್ಯಾಮತಿಗಳು ಅಕ್ಕಪಕ್ಕದಲ್ಲಿರುವುದರಿಂದ ಅಲ್ಲಿಯವರು ಒಂದೇ ಸಭೆಯಲ್ಲಿ ಸೇರಬಹುದು. ಚನ್ನಗಿರಿಯವರೂ ಜಗಳೂರಿನವರೂ ತಮ್ಮತಮ್ಮಲ್ಲಿ ತಿಂಗಳ ಸಭೆ ನಡೆಸಿ, ವರ್ಷಕ್ಕೊಮ್ಮೆ ಜನವರಿಯ ಜ್ಯಾಮಿಗೆ ಎಲ್ಲರೂ ದಾವಣಗೆರೆಗೆ ಬರಲಿ. ಈ ಸಂಚಿಕೆಯನ್ನು ಓದುವ ಅಧ್ಯಾಪಕರು ತಮ್ಮ ಕಾಲೇಜಿನ ಒಂದು ಕೋಣೆಯನ್ನು ತಿಂಗಳಿಗೊಂದು ಭಾನುವಾರ ಬಿಟ್ಟುಕೊಡಬೇಕೆಂದೂ, ಮನೆಯಲ್ಲಿ ಒಬ್ಬರೇ ಕುಳಿತು ಆಟ ಕಟ್ಟುತ್ತಿರುವ ತರುಣ ತರುಣಿಯರು ಅದು ಮುಗಿಯುವವರೆಗೆ ಕಾಯದೆ ಇರುವಂತೆಯೇ ಅಲ್ಲಿಗೆ ತರಬೇಕೆಂದೂ ನನ್ನ ವಿನಂತಿ.