ಕ್ಯಾಮೆರಾದ ಮುಂದೆ ನಿಂತ ಪುಷ್ಪಮಾಲಾ

ಫೋಟೋಗ್ರಫಿ ಕಲಾವಿದೆ ಅಂದಕೂಡಲೇ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡವರೊಬ್ಬರು ಕಣ್ಣಮುಂದೆ ಬರುತ್ತಾರೆ, ಅಲ್ವಾ? ಬೆಂಗಳೂರಿನ ಎನ್. ಪುಷ್ಪಮಾಲಾ ಅವರ ಹೆಸರಾಂತ ಚಿತ್ರಗಳಲ್ಲಿ ಅವರೇ ಕ್ಯಾಮೆರಾದ ಮುಂದೆ ವೇಷ ಹಾಕಿ ನಿಂತಿರುತ್ತಾರೆ. ಗುಂಡಿ ಒತ್ತುವವರು ಇನ್ಯಾರೋ. ಹಾಗಾದರೆ ಚಿತ್ರ ಯಾರದು? ನನಗೆ ಇವರ ಕೆಲಸದಲ್ಲಿ ಕುತೂಹಲ ಹುಟ್ಟಿದ್ದೇ ಈ ಪ್ರಶ್ನೆಯಿಂದ.

1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪುಷ್ಪಮಾಲಾ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಶಿಲ್ಪಕಲೆ. ಶಿಲ್ಪಿಯಾಗಿಯೇ ಮೊದಲು ಹೆಸರು ಮಾಡಿದರು. ಫೋಟೋ ಕಡೆ ತಿರುಗಿದ್ದು ತೊಂಬತ್ತರ ದಶಕದ ನಡುವಿನಲ್ಲಿ. 1996-98ರ 'ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್' ಸರಣಿಯಲ್ಲಿ ಮುಖವಾಡ ತೊಟ್ಟ ಸಾಹಸಿ ಹೆಣ್ಣಾಗಿ ಮುಂಬೈ ಸುತ್ತಿದರು. ಹಳೆಯ ಸ್ಟಂಟ್ ಸಿನಿಮಾಗಳ ಫಿಯರ್‌ಲೆಸ್ ನಾಡಿಯಾ ಅದಕ್ಕೆ ಸ್ಫೂರ್ತಿ.

ಆಮೇಲೆ ಬಂತು ದೊಡ್ಡ ಕೆಲಸ. 2000ದಿಂದ 2004ರವರೆಗೆ, ಬೆಂಗಳೂರಿನಲ್ಲೇ ನೆಲೆಸಿರುವ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ ಸರಣಿ: 'ದಕ್ಷಿಣ ಭಾರತದ ದೇಶೀಯ ಸ್ತ್ರೀಯರು: ರೀತಿ ರಿವಾಜುಗಳು'. ಹೆಸರೇ ಹಳೆಯ ಬ್ರಿಟಿಷ್ ಪುಸ್ತಕದ ಧಾಟಿಯ ಅಣಕ. ರವಿವರ್ಮನ ಬೆಳದಿಂಗಳ ಹೆಣ್ಣು, ಬಿಜಾಪುರದ ಕಿರುಚಿತ್ರದ ಯೋಗಿನಿ, ಕ್ಯಾಲೆಂಡರಿನ ಲಕ್ಷ್ಮಿ, ಪೊಲೀಸರ ಮುಂದೆ ನಿಂತ ಆರೋಪಿ... ಎಲ್ಲವೂ ಪುಷ್ಪಮಾಲಾ ಅವರೇ!

ಇದು ಬರೀ ವೇಷದ ತಮಾಷೆಯೇ? ಇಲ್ಲಿ ಸ್ವಲ್ಪ ಇತಿಹಾಸ ನೋಡಬೇಕು. 1868ರಿಂದ 1875ರ ನಡುವೆ 'ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಹೊರಬಂದವು. ನಮ್ಮ ಜನರನ್ನು ಜಾತಿ, ಬುಡಕಟ್ಟು ಎಂದು ವಿಂಗಡಿಸಿ, ಫೋಟೋ ಅಂಟಿಸಿ, ಇವರು ಇಂಥವರು ಎಂದು ಷರಾ ಬರೆದ ಪುಸ್ತಕ. 1869ರಲ್ಲಿ ಲ್ಯಾಂಪ್ರೆ ಎಂಬಾತ, ಮನುಷ್ಯನ ಹಿಂದೆ ಎರಡೆರಡು ಇಂಚಿನ ಚೌಕಗಳಾಗುವಂತೆ ದಾರ ಕಟ್ಟಿ ಫೋಟೋ ತೆಗೆದು ಮೈ ಅಳೆಯುವ ಉಪಾಯ ಹೇಳಿಕೊಟ್ಟ. ಹೀಗೆ ಅಳತೆಗೆ ನಿಂತ ಎಷ್ಟೋ ಹೆಂಗಸರ ಹೆಸರು ಎಲ್ಲೂ ಇಲ್ಲ. ಬುಡಕಟ್ಟಿನ ಹೆಸರಷ್ಟೇ ಉಳಿದಿದೆ.

ಅಂಥ ಫೋಟೋ ಆಧರಿಸಿದ ಚಿತ್ರದಲ್ಲಿ ಪುಷ್ಪಮಾಲಾ ತೋಡ ಹೆಣ್ಣಾಗಿ ಚೌಕುಳಿ ಪರದೆಯ ಮುಂದೆ ನಿಲ್ಲುತ್ತಾರೆ. ಅದನ್ನು ನೋಡಿದಾಗ ನನಗೆ ನಗು ಬರಲಿಲ್ಲ. ಕೂಡಲೇ ಒಂದು ತಕರಾರೂ ಎದ್ದಿತು. ಆ ಹೆಂಗಸಿಗೆ ನಿಲ್ಲದೆ ಬೇರೆ ದಾರಿ ಇತ್ತೋ ಇಲ್ಲವೋ. ಪಟ್ಟಣದ ಕಲಾವಿದೆ ಮಾತ್ರ ಇಷ್ಟಪಟ್ಟು ನಿಂತಿದ್ದಾರೆ, ಹೆಸರೂ ಪಡೆದಿದ್ದಾರೆ. ಇದೂ ಇನ್ನೊಬ್ಬರ ಮೈಯನ್ನು ಎರವಲು ಪಡೆದಂತೆ ಆಗಲಿಲ್ಲವೇ?

ತಕರಾರು ಪೂರ್ತಿ ತೀರಿದೆ ಅಂತ ನಾನು ಹೇಳಲಾರೆ. ಆದರೆ ಒಂದು ಮಾತು. ಬ್ರಿಟಿಷರ ಫೋಟೋ ತಾನೇ ಸತ್ಯ ಅನ್ನುತ್ತಿತ್ತು. ಇವರ ಫೋಟೋ ತಾನು ನಾಟಕ ಎಂದು ಒಪ್ಪಿಕೊಂಡೇ ಎದುರು ನಿಲ್ಲುತ್ತದೆ. ಸೆಟ್ಟು, ಬಣ್ಣ ಬಳಿದ ಪರದೆ, ತಯಾರಿಯ ಫೋಟೋಗಳು ಎಲ್ಲವನ್ನೂ ತೋರಿಸುತ್ತದೆ. ಆಗ ಹಳೆಯ ಫೋಟೋದ ಹಿಂದೆಯೂ ಒಬ್ಬ ನಿರ್ದೇಶಕ ಇದ್ದ ಅನ್ನುವುದು ಹೊಳೆಯುತ್ತದೆ. ಸಂಶೋಧಕಿಯ ಕೆಲಸ ಇದೇ ತಾನೇ? ಪ್ರಬಂಧದ ಬದಲು ಚಿತ್ರದಲ್ಲಿ ಮಾಡಿದ್ದಾರೆ ಅಷ್ಟೆ.

2019ರಲ್ಲಿ ಚೆನ್ನೈ ಫೋಟೋ ಬಿನಾಲೆಯ ಎರಡನೇ ಆವೃತ್ತಿಗೆ ಕಲಾ ನಿರ್ದೇಶಕಿಯಾಗಿ, ಬೇರೆಯವರ ಚಿತ್ರಗಳನ್ನು ಆರಿಸಿ ಜೋಡಿಸುವ ಹೊಣೆಯನ್ನೂ ಹೊತ್ತರು. ಇವರದೇ ಒಂದು ಕಾಲ್ಪನಿಕ ಸಂಸ್ಥೆಯೂ ಇದೆ. ಹೆಸರು 'ಸೋಂಬೇರಿಕಟ್ಟೆ'! ಇಷ್ಟು ದುಡಿಯುವವರು ಇಟ್ಟ ಹೆಸರು ನೋಡಿ.

ನಿಮ್ಮ ಮನೆಯ ಟ್ರಂಕಿನಲ್ಲೂ ಸ್ಟುಡಿಯೋದ ಹಳೆಯ ಫೋಟೋಗಳು ಇದ್ದಾವು. ಕುರ್ಚಿಯ ಮೇಲೆ ಕೈಯಿಟ್ಟು ನಿಂತ ಆ ಅಜ್ಜಿಗೆ ಹಾಗೆ ನಿಲ್ಲಲು ಹೇಳಿದವರು ಯಾರು? ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ, ಫೋಟೋದ ಹಿಂಬದಿಯಲ್ಲಿ ಆಕೆಯ ಹೆಸರು ಬರೆದಿಡಿ.