ಹೆಂಡಿಕಸದ ಚರಿತ್ರೆ

ಕಾರಹುಣ್ಣಿಮೆಗೆಂದು ಊರಿಗೆ ಹೋದಾಗ ಕೊಟ್ಟಿಗೆ ಖಾಲಿಯಾಗಿತ್ತು. ಎತ್ತಿನ ಜೋಡಿಯನ್ನು ತಮ್ಮ ಹದಿನೈದು ದಿನದ ಹಿಂದೆಯೇ ಸಂತೆಗೆ ಹೊಡೆದಿದ್ದ. ಅವನನ್ನು ಬಯ್ಯುವಂತಿರಲಿಲ್ಲ. ಇರುವುದು ನಾಲ್ಕು ಎಕರೆ ಎರೆಹೊಲ. ಉಳುವುದಕ್ಕೂ ಬಿತ್ತುವುದಕ್ಕೂ ಬಾಡಿಗೆಯ ಟ್ರ್ಯಾಕ್ಟರು ಬರುತ್ತದೆ. ವರ್ಷದಲ್ಲಿ ಇಪ್ಪತ್ತು ದಿನದ ಕೆಲಸಕ್ಕಾಗಿ ಮುನ್ನೂರ ಅರವತ್ತೈದು ದಿನ ಮೇವು ಹಾಕುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಹಿಂದೆ ನಲವತ್ತು ಐವತ್ತು ಜೋಡಿ ಓಡುತ್ತಿದ್ದ ಬೀದಿಯಲ್ಲಿ ಆ ಸಂಜೆ ಕರಿ ಹರಿಯಲು ಬಂದದ್ದು ಮೂರೇ ಜೋಡಿ.

ಮಾರನೆಯ ದಿನ ಬೆಳಗಿನ ಜಾವ ಎಚ್ಚರವಾಯಿತು. ಕೊಟ್ಟಿಗೆಯಲ್ಲಿ ಪೊರಕೆಯ ಸದ್ದು. ಎದ್ದು ಹೋಗಿ ನೋಡಿದರೆ, ಎಂಬತ್ತು ದಾಟಿದ ನಮ್ಮವ್ವ ಬುಟ್ಟಿಯನ್ನು ಮಗ್ಗುಲಿಗಿಟ್ಟುಕೊಂಡು ಒಣನೆಲವನ್ನು ಗುಡಿಸುತ್ತಿದ್ದಾಳೆ.

“ಏನವ್ವಾ ಇದು, ದನಾನೇ ಇಲ್ಲ, ಯಾವ ಹೆಂಡಿಕಸ?” ಎಂದೆ.

“ಎಚ್ಚರ ಆಗತೈತಲ್ಲಪ್ಪಾ, ಏನು ಮಾಡ್ಲಿ” ಎಂದಳು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿದವನು. ‘ನವಶಿಲಾಯುಗದಲ್ಲಿ ಮಾನವನು ಪ್ರಾಣಿಗಳನ್ನು ಪಳಗಿಸಿದನು’ ಎಂಬ ವಾಕ್ಯವನ್ನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆದಿದ್ದೇನೆ. ಹುಡುಗರು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಂದು ಅಂಕ ಪಡೆದು, ಮರೆತಿದ್ದಾರೆ. ಯಾವನೋ ಒಬ್ಬ ಗಟ್ಟಿಗ ಒಂದು ಮಧ್ಯಾಹ್ನ ಕಾಡಿನ ಗೂಳಿಯ ಕೊರಳಿಗೆ ಹಗ್ಗ ಹಾಕಿ ಎಳೆದು ತಂದ, ಅಲ್ಲಿಗೆ ಕೆಲಸ ಮುಗಿಯಿತು ಎಂಬಂತೆ ಇದೆ ಆ ವಾಕ್ಯ. ಅವ್ವನ ಪೊರಕೆಯ ಸದ್ದು ಕೇಳುತ್ತ ನಿಂತಾಗ, ಇಷ್ಟು ವರ್ಷ ನಾನು ಹೇಳಿಕೊಟ್ಟದ್ದು ಅರ್ಧ ಪಾಠ ಎನ್ನಿಸಿತು.

ಮನುಷ್ಯನ ಜೊತೆಗೆ ಮೊದಲು ಬಂದದ್ದು ನಾಯಿ. ಅದಕ್ಕೆ ಹದಿನೈದು ಸಾವಿರ ವರ್ಷವಾದರೂ ಆಗಿದೆ. ಕುರಿ, ಆಡು, ದನ ಬಂದದ್ದು ಬಹಳ ತಡವಾಗಿ. ಯೂಫ್ರಟಿಸ್ ನದಿಯ ಮೇಲ್ದಂಡೆಯ ಜನ ಸುಮಾರು ಹತ್ತೂವರೆ ಸಾವಿರ ವರ್ಷದ ಹಿಂದೆ ಡುಬ್ಬವಿಲ್ಲದ ದನವನ್ನು ಸಾಕಿಕೊಂಡರು. ನಮ್ಮ ಡುಬ್ಬದ ದನ ಅದರ ಸಂತಾನವಲ್ಲ. ಎರಡೂ ಕುಲಗಳು ಬೇರೆಯಾದದ್ದು ಲಕ್ಷಾಂತರ ವರ್ಷಗಳ ಹಿಂದೆ, ಮನುಷ್ಯ ಯಾವ ದನವನ್ನೂ ಕಟ್ಟಿಹಾಕುವುದಕ್ಕೆ ಬಹಳ ಮೊದಲೇ, ಎಂಬುದನ್ನು 1990ರ ದಶಕದಲ್ಲಿ ಡಿ.ಎನ್.ಎ. ಪರೀಕ್ಷೆಗಳು ತೋರಿಸಿಕೊಟ್ಟವು. ನಮ್ಮ ದನವನ್ನು ಪಳಗಿಸಿದ್ದು ಈ ಉಪಖಂಡದಲ್ಲೇ. ಅದರ ಹಳೆಯ ಗುರುತುಗಳು ಈಗ ಪಾಕಿಸ್ತಾನದಲ್ಲಿರುವ ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕಿವೆ. ಅಲ್ಲಿ ಕೆಳಗಿನ ಪದರಗಳಲ್ಲಿ ಬೇಟೆಯ ಪ್ರಾಣಿಗಳ ಎಲುಬೇ ಹೆಚ್ಚು. ಮೇಲಕ್ಕೆ ಬಂದಂತೆಲ್ಲ ದನದ ಎಲುಬು ಹೆಚ್ಚುತ್ತ, ಗಾತ್ರದಲ್ಲಿ ಕಿರಿದಾಗುತ್ತ ಹೋಗುತ್ತದೆ. ಎಲುಬು ಕಿರಿದಾಗುವುದೆಂದರೆ ಹಟ್ಟಿ ಸೇರಿದ ಲಕ್ಷಣ. ಈ ಬದಲಾವಣೆಗೆ ಒಂದು ತಲೆಮಾರು ಸಾಲದು; ನೂರಾರು ತಲೆಮಾರು ಬೇಕು.

ಹಟ್ಟಿ ಸೇರದ ದನದ ಗತಿಯನ್ನೂ ಹೇಳಬೇಕು. ಯೂರೋಪಿನ ಕಾಡುದನದ ಕೊನೆಯ ಆಕಳು 1627ರಲ್ಲಿ ಪೋಲೆಂಡಿನ ಒಂದು ಕಾಡಿನಲ್ಲಿ ಸತ್ತಿತು. ನಮ್ಮ ಕಾಡುದನ ಅದಕ್ಕಿಂತ ಎಷ್ಟೋ ಮೊದಲೇ ಇಲ್ಲವಾಗಿತ್ತು. ಇಂದು ದನವೆಂದರೆ ಮನುಷ್ಯ ಕಟ್ಟಿದ ದನ ಮಾತ್ರ. ಕಟ್ಟಿದವನು ಬಿಟ್ಟರೆ ಅದಕ್ಕೆ ಹಿಂದಿರುಗಲು ಕಾಡಿನಲ್ಲಿ ನಂಟರು ಯಾರೂ ಉಳಿದಿಲ್ಲ.

ಮೆಹರ್‌ಗಢ ನಮಗೆ ದೂರ. ಆದರೆ ಇದೇ ಕತೆಯ ಇನ್ನೊಂದು ಅಧ್ಯಾಯ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಗಳಲ್ಲಿ ನೆಲದ ಮೇಲೆಯೇ ಬಿದ್ದಿದೆ. ಬೂದಿದಿಬ್ಬಗಳೆಂದು ನಾವು ಕರೆಯುವುದು ಅವನ್ನೇ. ಪಕ್ಕದ ಆಂಧ್ರ, ತೆಲಂಗಾಣಗಳನ್ನೂ ಸೇರಿಸಿದರೆ ನೂರಕ್ಕೂ ಹೆಚ್ಚು ದಿಬ್ಬಗಳು ಗೊತ್ತಾಗಿವೆ. ಕೆಲವು ಆಳೆತ್ತರಕ್ಕೂ ಕಡಿಮೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯ ದಿಬ್ಬದಂಥವು ಮೂವತ್ತು ಅಡಿಯಷ್ಟು ಎದ್ದು ನಿಂತಿದ್ದವು. ಒಳಗೆ ಬಿಳಿ ಬೂದಿ, ಕಂದು ಬೂದಿ, ಅಲ್ಲಲ್ಲಿ ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟ.

ಇವು ಏನೆಂಬುದಕ್ಕೆ ಜನ ತಮಗೆ ತೋರಿದ ಉತ್ತರ ಕೊಟ್ಟುಕೊಂಡರು. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗ. ಉಳಿದವು ರಾಕ್ಷಸರ ಬೂದಿ. ಸಾಹೇಬರ ಊಹೆಗಳೂ ಇದಕ್ಕಿಂತ ತೀರ ಬೇರೆಯಾಗಿರಲಿಲ್ಲ. ಜ್ವಾಲಾಮುಖಿ ಎಂದರು, ಕಬ್ಬಿಣ ಕರಗಿಸಿದ ಜಾಗ ಎಂದರು, ವಿಜಯನಗರದ ಕಾಲದ ಸಾಮೂಹಿಕ ದಹನ ಎಂದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಮಾತ್ರ ಹತ್ತೊಂಬತ್ತನೆಯ ಶತಮಾನದಲ್ಲೇ, ಇದು ಸುಟ್ಟ ಸಗಣಿ, ನವಶಿಲಾಯುಗದ ದನಗಾಹಿಗಳದ್ದು ಎಂದು ಹೇಳಿದ. ಕೊನೆಗೆ 1960ರಲ್ಲಿ ಝಾಯ್ನರ್ ಎಂಬ ವಿದ್ವಾಂಸರು ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಫೂಟ್ ಹೇಳಿದ್ದೇ ನಿಜವಾಯಿತು.

ಅದಕ್ಕೆ ಮೊದಲೇ, 1957ರಲ್ಲಿ, ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಒಂದು ದಿಬ್ಬವನ್ನು ಅಗೆದಿದ್ದರು. ಮರದ ಬೊಡ್ಡೆಗಳನ್ನು ಸಾಲಾಗಿ ನೆಟ್ಟು ಕಟ್ಟಿದ ದೊಡ್ಡಿಯ ಗುರುತುಗಳು ಸಿಕ್ಕವು. ಒಳಗಿನ ಬೇಲಿಯಲ್ಲಿ ದನ. ಅದಕ್ಕೂ ಹೊರಬೇಲಿಗೂ ನಡುವೆ ಮನುಷ್ಯರ ವಾಸ. ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಉಳಿದಿದ್ದವು. ಹಸಿನೆಲದಲ್ಲಿ ಊರಿದ ಕಾಲು, ಅದರ ಮೇಲೆ ಬೂದಿ, ಮತ್ತೆ ಸಗಣಿ, ಮತ್ತೆ ಬೆಂಕಿ. ಈ ಜನ ನಮ್ಮ ಸೀಮೆಯಲ್ಲಿ ಬದುಕಿದ್ದು ಕ್ರಿ.ಪೂ. 3000ದ ಆಸುಪಾಸಿನಿಂದ ಮುಂದಕ್ಕೆ. ಕೊರಲೆ, ಹುರುಳಿ, ಹೆಸರು ಬೆಳೆದುಕೊಳ್ಳುತ್ತಿದ್ದರು. ಬಳ್ಳಾರಿಯ ಹತ್ತಿರದ ಕುಪ್ಪಗಲ್ಲಿನ ಬೆಟ್ಟದ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಗೂಳಿಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಇವರ ನೆಲೆಗಳಲ್ಲಿ ಸುಟ್ಟ ಮಣ್ಣಿನ ಗೂಳಿ ಬೊಂಬೆಗಳೂ ಸಿಕ್ಕಿವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಎತ್ತು ಮಾಡಿದ ನಮ್ಮಂಥವರಿಗೆ ಆ ಬೊಂಬೆಗಳ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ.

ಇವರನ್ನು ಗೋಪೂಜಕರಾದ ಋಷಿಗಳೆಂದು ಭಾವಿಸುವುದೂ ಬೇಡ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದನದ ದೊಡ್ಡಿಯ ಜೊತೆಗೆ ದನಗಳನ್ನು ಕಡಿದು ಹಂಚುತ್ತಿದ್ದ ನೆಲವೂ ಸಿಕ್ಕಿತು. ಸಾಕಿದರು, ಪ್ರೀತಿಸಿದರು, ತಿಂದರು. ಬದುಕು ಹಾಗಿತ್ತು. ಅದೇ ನೆಲೆಯಲ್ಲಿ ಮಡಕೆಗಳಲ್ಲಿಟ್ಟು ಹುಗಿದ ಎಳೆಮಕ್ಕಳ ಎಲುಬೂ ಸಿಕ್ಕಿವೆ. ದನ, ಮಕ್ಕಳು, ಬೂದಿ, ಎಲ್ಲವೂ ಒಂದೇ ಬೇಲಿಯ ಆಸುಪಾಸಿನಲ್ಲಿ.

ಸಗಣಿಯನ್ನು ಏಕೆ ಸುಟ್ಟರು? ದೊಡ್ಡಿ ಚೊಕ್ಕಟವಾಗಲಿ, ನೊಣ ಉಣ್ಣೆ ಸಾಯಲಿ ಎಂದು ಗುಡ್ಡೆ ಹಾಕಿ ಸುಟ್ಟರು ಎನ್ನುವವರಿದ್ದಾರೆ. ಅಷ್ಟಕ್ಕೇ ಆಗಿದ್ದರೆ ಮೂವತ್ತು ಅಡಿಯ ದಿಬ್ಬ ಏಳುತ್ತಿರಲಿಲ್ಲ, ಇದೊಂದು ವ್ರತದಂತೆ, ಕಾಲಕಾಲಕ್ಕೆ ಊರೆಲ್ಲ ಸೇರಿ ಮಾಡಿದ ಬೆಂಕಿ ಎನ್ನುವವರೂ ಇದ್ದಾರೆ. ಆಲ್ಚಿನ್ನರು ಈ ಬೆಂಕಿಯನ್ನು ನಮ್ಮ ಹಬ್ಬಗಳ ಬೆಂಕಿಯ ಜೊತೆಗಿಟ್ಟು ನೋಡಿದರು. ನಾನು ನೌಕರಿಯ ಮೊದಲ ವರ್ಷಗಳನ್ನು ಮಂಡ್ಯದ ಕಡೆ ಕಳೆದೆ. ಅಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಉರಿಯುವ ಹುಲ್ಲಿನ ಮೇಲೆ ಹಾರಿಸಿ ಕಿಚ್ಚು ಹಾಯಿಸುತ್ತಾರೆ. ಏಕೆ ಎಂದು ಕೇಳಿದಾಗ ಒಬ್ಬ ಹಿರಿಯರು, “ಉಣ್ಣೆ ಉದುರ್ತದೆ ಮೇಷ್ಟ್ರೇ, ದೇವರಿಗೂ ಆಯ್ತದೆ” ಎಂದಿದ್ದರು. ವಿದ್ವಾಂಸರ ಎರಡು ಪಕ್ಷಗಳೂ ಆ ಒಂದು ಮಾತಿನಲ್ಲಿದ್ದವು.

ನನಗೆ ಕಾಡುವುದು ಇನ್ನೊಂದು ಪ್ರಶ್ನೆ. ಆ ಸಗಣಿಯನ್ನು ಬಳಿದವರು ಯಾರು? ಬೆಂಕಿ ಹಚ್ಚುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ ಇದ್ದೀತು. ಬಳಿಯುವುದು ದಿನಾ ಬೆಳಿಗ್ಗೆ. ಒಂದು ದಿನ ಬಿಟ್ಟರೆ ಕೆಸರು, ಒಂದು ತಿಂಗಳು ಬಿಟ್ಟರೆ ಕಾಲುಬೇನೆ. ಪಳಗಿಸುವುದೆಂದರೆ ಇದೇ: ಸಂಜೆ ಕೂಡುವುದು, ಬೆಳಿಗ್ಗೆ ಬಿಡುವುದು, ನಡುವೆ ಬಳಿಯುವುದು. ಆ ದಿಬ್ಬ ಇಂಥ ಸಾವಿರಾರು ಬೆಳಗುಗಳ ರಾಶಿ. ಅರಮನೆ ಕಟ್ಟಿದವರ ಹೆಸರು ಶಾಸನದಲ್ಲಿ ಉಳಿಯಿತು. ಈ ಬುಟ್ಟಿ ಹೊತ್ತವರ ಕೆಲಸ ಮಾತ್ರ ಉಳಿಯಿತು.

ಅದೂ ಉಳಿಯುವಂತಿಲ್ಲ. ಎಷ್ಟೋ ದಿಬ್ಬಗಳನ್ನು ಹೊಲದ ಗೊಬ್ಬರಕ್ಕೆಂದು ಜನ ಬಗೆದು ಹೊತ್ತಿದ್ದಾರೆ. ನಾನೇನು ಬೇರೆಯವರನ್ನು ದೂರಲಿ? ನಮ್ಮೂರ ಹತ್ತಿರ ಗುಡ್ಡದ ಬುಡದಲ್ಲಿರುವ ದಿಬ್ಬದಿಂದ ನಮ್ಮಪ್ಪನೂ ಬಂಡಿ ಕಟ್ಟಿ ಬೂದಿ ತಂದಿದ್ದ. ಬಂಡಿಯ ಹಿಂದೆ ಕುಳಿತು ಕಾಲು ತೂಗಾಡಿಸಿದವನು ನಾನು. ನಾಲ್ಕು ಸಾವಿರ ವರ್ಷದ ಹಿಂದಿನ ದನದ ಸಗಣಿಯನ್ನು ನಮ್ಮ ಎತ್ತುಗಳು ಹೊಲಕ್ಕೆ ಎಳೆದು ತಂದವು.

ಈಗ ಆ ಎತ್ತುಗಳ ಕಾಲವೂ ಮುಗಿಯುತ್ತಿದೆ. ದೇಶದ ಜಾನುವಾರು ಗಣತಿಯಲ್ಲಿ ದನದ ಒಟ್ಟು ಸಂಖ್ಯೆ 2012ರಿಂದ 2019ಕ್ಕೆ ತುಸು ಹೆಚ್ಚೇ ಆಯಿತು, ಸುಮಾರು 19 ಕೋಟಿ. ಆದರೆ ಒಳಗೆ ನೋಡಿದರೆ, ಹೆಣ್ಣುದನ 18 ಶೇಕಡಾ ಏರಿತ್ತು; ಹೋರಿ, ಎತ್ತು, ಗಂಡುಕರುಗಳು ಸೇರಿ ಸುಮಾರು 6.8 ಕೋಟಿಯಿಂದ 4.7 ಕೋಟಿಗೆ ಇಳಿದಿದ್ದವು. ಏಳು ವರ್ಷದಲ್ಲಿ ಎರಡು ಕೋಟಿ ಕಡಿಮೆ. ಅದರ ಮುಂದಿನ ಯಾವುದೋ ಲೆಕ್ಕದಲ್ಲಿ ನಮ್ಮ ಕೊಟ್ಟಿಗೆಯ ಎರಡೂ ಸೇರುತ್ತವೆ.

ಊರು ಬಿಡುವ ಹಿಂದಿನ ದಿನ ಅವ್ವನನ್ನು ತಮ್ಮನ ಮಗನ ಆಟೋದಲ್ಲಿ ಕೂರಿಸಿಕೊಂಡು ಆ ದಿಬ್ಬಕ್ಕೆ ಹೋದೆ. ಅರ್ಧಕ್ಕಿಂತ ಹೆಚ್ಚು ಕರಗಿದೆ. ಬಗೆದ ಮಗ್ಗುಲಲ್ಲಿ ಪದರಗಳು ಎದ್ದು ಕಾಣುತ್ತವೆ. ಅವಳು ಇದನ್ನು ರಾಕ್ಷಸರ ಬೂದಿಯೆಂದೇ ನಂಬಿ ಬೆಳೆದವಳು. ನಾನು ಉಟ್ನೂರಿನ ಗೊರಸಿನ ಗುರುತಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಒಂದು ಹಿಡಿ ಬೂದಿ ತೆಗೆದುಕೊಂಡು ಬೆರಳಲ್ಲಿ ತಿಕ್ಕಿ ನೋಡಿದಳು. ಮೂಸಿದಳು.

“ಇಷ್ಟೂ ಹೆಂಡೀನಾ?”

“ಹೂಂನವ್ವಾ.”

ದಿಬ್ಬವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿ, “ಸೊಂಟ ಎಷ್ಟು ನೊಂದಿರಬೇಕು ಪಾಪ ಅವರಿಗೆ” ಎಂದಳು.

ಮೂವತ್ತು ವರ್ಷ ಪಾಠ ಹೇಳಿದ ನನಗೆ ಹೊಳೆಯದಿದ್ದ ಮಾತು ಅದು. ರಾತ್ರಿ ತಮ್ಮನೊಡನೆ ಒಂದು ಆಕಳನ್ನಾದರೂ ಕಟ್ಟುವ ವಿಚಾರ ತೆಗೆದೆ. “ಕಸ ಬಳಿಯೋರು ಯಾರಣ್ಣ? ನೀನು ಇಲ್ಲಿ ಬಂದು ಇರ್ತಿಯೇನು?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಬೆಳಗಿನ ಜಾವ ಮತ್ತೆ ಪೊರಕೆಯ ಸದ್ದು ಕೇಳಿಸಿತು. ಈ ಸಲ ನಾನು ಏಕೆಂದು ಕೇಳಲು ಹೋಗಲಿಲ್ಲ.